ಸೇಡಂಗೆ ಹೋದ ಹಾಯ್ಕುಗಳು

ವಾಸುದೇವ ಮಾಸ್ತರರಿಗೆ ಮದುವೆಯಾಗಿ ಇಪ್ಪತ್ತು ವರ್ಷವಾಗುತ್ತ ಬಂದಿತ್ತು. ಬೇಸಿಗೆ ಮತ್ತು ದಸರೆಯ ರಜೆಗಳನ್ನು ಬಿಟ್ಟರೆ ಅಷ್ಟು ವರ್ಷಗಳಲ್ಲಿ ಒಂದು ಸೋಮವಾರವೂ ಗಂಡ ಹೆಂಡತಿ ಒಂದೇ ಮನೆಯಲ್ಲಿ ಎದ್ದಿರಲಿಲ್ಲ.

ಅವರು ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ, ರೈಲ್ವೆ ಕ್ವಾರ್ಟರ್ಸುಗಳ ಹಿಂದಿದ್ದ ಒಂದು ಅನುದಾನಿತ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಹೆಂಡತಿ ಶಾರದಾಬಾಯಿ ಸೇಡಂನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಇವರದು ಆಂಧ್ರದ ನೌಕರಿ, ಅವರದು ಕರ್ನಾಟಕದ್ದು. ರೈಲಿಗೆ ನಾಲ್ಕು ತಾಸಿನ ದಾರಿಯಾದರೂ ವರ್ಗಾವಣೆಯ ಅರ್ಜಿ ಆ ಗಡಿ ದಾಟುವಂತಿರಲಿಲ್ಲ. ಇಬ್ಬರಲ್ಲಿ ಒಬ್ಬರು ನೌಕರಿ ಬಿಡಬೇಕಿತ್ತು. ಬಿಟ್ಟ ನೌಕರಿ ಮತ್ತೆ ಸಿಕ್ಕುವುದಿಲ್ಲ ಎಂಬ ಹೆದರಿಕೆಯಲ್ಲಿ ಮೊದಲ ಐದು ವರ್ಷ ಹೋದವು. ಮಕ್ಕಳಾದರೆ ನೋಡೋಣ ಎಂದು ಇನ್ನಷ್ಟು ವರ್ಷ ಹೋದವು. ಮಕ್ಕಳಾಗಲಿಲ್ಲ. ಆಮೇಲೆ ಇಬ್ಬರೂ ಆ ಮಾತನ್ನೇ ಎತ್ತಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಾಸ್ತರರು ಸಿಕಂದರಾಬಾದಿಗೆ ಬಂದು ವಾಡಿ ಕಡೆಯ ಪ್ಯಾಸೆಂಜರ್ ಹಿಡಿಯುತ್ತಿದ್ದರು. ಭಾನುವಾರ ಸಂಜೆ ಅದೇ ದಾರಿಯಲ್ಲಿ ವಾಪಸು. ಹೊರಡುವ ಮುಂಚೆ ಶಾರದಾಬಾಯಿ ಜೋಳದ ರೊಟ್ಟಿ ಬಡಿದು, ಶೇಂಗಾ ಹಿಂಡಿ ಚಟ್ನಿಯ ಜೊತೆ ಡಬ್ಬಿಗೆ ತುಂಬಿ ಕೊಡುತ್ತಿದ್ದರು. ಬೋರಬಂಡೆ ಸ್ಟೇಶನ್ನಿನ ಆಚೆ ರೈಲಿನ ಕಿಟಕಿಯಿಂದ ವಾರವಾರಕ್ಕೂ ಹೊಸ ಕ್ರೇನುಗಳು, ಹೊಸ ಗಾಜಿನ ಕಟ್ಟಡಗಳು ಕಾಣುತ್ತಿದ್ದವು. ಬಂಡೆಗಳನ್ನು ಸಿಡಿಸಿ ಊರು ಆ ಕಡೆಗೆ ಬೆಳೆಯುತ್ತಿತ್ತು. ಮಾಸ್ತರರ ತರಗತಿಯಲ್ಲಿ ಮಾತ್ರ ಒಂದೊಂದೇ ಬೆಂಚು ಖಾಲಿಯಾಗುತ್ತಿತ್ತು.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಎಂಟನೆಯ ತರಗತಿಗೆ ಅವರು ಹಾಯ್ಕು ಹೇಳಿಕೊಟ್ಟರು. ಹಳೆಯ ವಾರಪತ್ರಿಕೆಯೊಂದರಲ್ಲಿ ಜಪಾನಿನ ಈ ಪುಟ್ಟ ಪದ್ಯಗಳ ಬಗ್ಗೆ ಓದಿದ್ದರು. ದೊಡ್ಡ ಪದ್ಯಕ್ಕೆ ಹೆದರುವ ಮಕ್ಕಳು ಮೂರು ಸಾಲಿಗೆ ಹೆದರಲಾರರು ಎಂದು ಅವರಿಗೆ ತೋರಿತು.

"ಹೋಲಿಕೆ ಬ್ಯಾಡ, ಉಪದೇಶ ಬ್ಯಾಡ," ಎಂದರು. "ಇವತ್ತು ಕಣ್ಣಿಗೆ ಬಿದ್ದದ್ದು ಏನರೆ ಒಂದು. ಮೂರು ಸಾಲಿನ್ಯಾಗ ಬರೀರಿ. ಅಕ್ಷರ ಎಣಿಸೋದು ಆಮ್ಯಾಲ ನೋಡೋಣ."

ಮಕ್ಕಳು ತಾಯಿನಾಡಿನ ಬಗ್ಗೆ ಬರೆದರು, ಉದಯಿಸುವ ಸೂರ್ಯನ ಬಗ್ಗೆ ಬರೆದರು. ಅಕ್ಷಯ ಎಂಬ ಹುಡುಗ ಅವ್ವನ ಮುಖ ಕಮಲದಂತಿದೆ ಎಂದು ಬರೆದಿದ್ದ.

"ಕಮಲ ಎಲ್ಲಿ ನೋಡಿದಿ?"

"ನೋಡಿಲ್ರಿ ಸರ್."

"ಮತ್ತ ಬರೋ ದಾರ್ಯಾಗ ಏನು ನೋಡಿದಿ?"

ಅಕ್ಷಯ ತಲೆ ಕೆರೆದುಕೊಂಡ. "ಕಂಪನಿ ಬಸ್ ನೋಡಿದೆರಿ. ಕೈ ಮಾಡಿದ್ರ ನಿಲ್ಲಂಗಿಲ್ರಿ ಅವು."

"ಅದನ್ನ ಬರಿ."

ಅಕ್ಷಯ ಬರೆದ:

ಕಂಪನಿ ಬಸ್ಸು
ನಿಲ್ಲದೆ ಹೋಯಿತು. ಕಪ್ಪು ಗಾಜಿನಲ್ಲಿ
ನಮ್ಮದೇ ಮುಖ.

ಮಾಸ್ತರರು ಅದನ್ನು ಕರಿಹಲಗೆಯ ಮೇಲೆ ಬರೆದು ಕೆಳಗೆ ಅಕ್ಷಯನ ಹೆಸರು ಹಾಕಿದರು. ಮಕ್ಕಳಿಗೆ ಆಟ ತಿಳಿಯಿತು. ಅಂದಿನಿಂದ ವಾರಕ್ಕೊಂದು ಪಿರಿಯಡ್ ಹಾಯ್ಕುವಿಗೆ ಮೀಸಲಾಯಿತು. ಮಾಸ್ತರರು ಒಂದು ನಿಯಮ ಮಾಡಿದರು: ಯಾರದೇ ಪದ್ಯವಿರಲಿ, ಅದರ ಕೆಳಗೆ ಇನ್ನೊಬ್ಬರು ಮೂರು ಸಾಲಿನಲ್ಲಿ ಉತ್ತರ ಬರೆಯಬೇಕು. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವ ಮಾತು ಬೇಡ. ಪದ್ಯಕ್ಕೆ ಪದ್ಯವೇ ಉತ್ತರ.

ತರಗತಿಯಲ್ಲಿ ಭವಾನಿ ಎಂಬ ಹುಡುಗಿ ಇದ್ದಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು. ಮಾತು ಕಡಿಮೆ, ನೋಟ ಹೆಚ್ಚು. ಒಂದು ಮಂಗಳವಾರ ಅವಳು ಹೀಗೆ ಬರೆದುಕೊಟ್ಟಳು:

ಸೋಮವಾರ
ಸರ್ ಡಬ್ಬಿಯಲ್ಲಿ ರೊಟ್ಟಿ.
ಮಂಗಳವಾರ ಬನ್ನು.

ಮಕ್ಕಳು ನಕ್ಕರು. ಭವಾನಿ ನಗಲಿಲ್ಲ. ಮಾಸ್ತರರಿಗೂ ನಗು ಬರಲಿಲ್ಲ. ಕಾಗದವನ್ನು ಉಳಿದವುಗಳ ಜೊತೆ ಕೈಚೀಲಕ್ಕೆ ಹಾಕಿಕೊಂಡರು. ತಾವು ಹೇಗೆ ಬದುಕುತ್ತಿದ್ದೇವೆ ಎಂದು ಇಷ್ಟು ವರ್ಷದಲ್ಲಿ ಯಾರೂ ಅವರ ಮುಂದೆ ಹೇಳಿರಲಿಲ್ಲ.

ಆ ಶನಿವಾರ ಚೀಲದಲ್ಲಿದ್ದ ಕಾಗದಗಳು ಅವರ ಜೊತೆ ಸೇಡಂಗೆ ಹೋದವು. ಭಾನುವಾರ ಬೆಳಿಗ್ಗೆ ಶಾರದಾಬಾಯಿ ಚಹಾ ಕುಡಿಯುತ್ತ ಒಂದೊಂದನ್ನೇ ಓದಿದರು. ಕಂಪನಿ ಬಸ್ಸಿನ ಪದ್ಯವನ್ನು ಎರಡು ಸಲ ಓದಿದರು. ಭವಾನಿಯದನ್ನು ಓದಿ ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು.

"ಮಧ್ಯಾಹ್ನ ಬನ್ನು ತಿಂತೀರೇನು?"

"ಒಮ್ಮೊಮ್ಮೆ. ಮೆಸ್ಸಿಗೆ ಹೋಗಿ ಬರ್ಲಿಕ್ಕೆ ಹೊತ್ತಾಗ್ತದ."

ಸಂಜೆ ಗಂಡ ಹೊರಟಾಗ ಶಾರದಾಬಾಯಿ, "ಈ ಕಾಗದ ನನ್ನ ಕಡೆ ಬಿಟ್ಟು ಹೋಗ್ರಿ. ನಮ್ಮ ಮಕ್ಕಳೂ ಉತ್ತರ ಬರೀಲಿ," ಎಂದರು.

ಮುಂದಿನ ವಾರ ಉತ್ತರಗಳು ಸಿದ್ಧವಾಗಿದ್ದವು. ಸೇಡಂನ ಮಕ್ಕಳು ನೆಲಕ್ಕೆ ಹಾಸುವ ಪರಶಿ ಕಲ್ಲಿನ ಗಣಿಯ ಬಗ್ಗೆ, ಸಿಮೆಂಟ್ ಲಾರಿಗಳ ಬಗ್ಗೆ, ನಲ್ಲಿಯ ಮುಂದಿನ ಕೊಡಗಳ ಬಗ್ಗೆ ಬರೆದಿದ್ದರು. ಅಕ್ಷಯನ ಬಸ್ಸಿಗೆ ಅಲ್ಲಿಯ ಯಾರೋ ಹೀಗೆ ಉತ್ತರಿಸಿದ್ದರು:

ನಮ್ಮೂರ ಬಸ್ಸು
ನಿಲ್ಲುತ್ತದೆ. ಇಳಿದವರು
ಮುಖ ಒರೆಸಿಕೊಳ್ಳುತ್ತಾರೆ.

ಸೋಮವಾರ ಮಾಸ್ತರರು, ತಮ್ಮ ಹೆಂಡತಿಯ ಶಾಲೆಯ ಮಕ್ಕಳ ಉತ್ತರ ಎಂದು ಹೇಳಿ ಇದನ್ನು ಓದಿದಾಗ ಅಕ್ಷಯ ತನ್ನ ಜಾಗದಲ್ಲಿ ಎದ್ದು ನಿಂತುಬಿಟ್ಟ. ತಾನು ಕಾಣದ ಊರಿನಲ್ಲಿ ಯಾರೋ ತನ್ನ ಮಾತು ಕೇಳಿಸಿಕೊಂಡಿದ್ದರು. ಅಲ್ಲಿಂದ ಮುಂದೆ ಶನಿವಾರದ ರೈಲಿನಲ್ಲಿ ಹೈದರಾಬಾದಿನ ಹಾಯ್ಕುಗಳು ಹೋಗುತ್ತಿದ್ದವು, ಭಾನುವಾರದ ರೈಲಿನಲ್ಲಿ ಸೇಡಂನವು ಬರುತ್ತಿದ್ದವು.

ಭವಾನಿಯ ರೊಟ್ಟಿಯ ಪದ್ಯಕ್ಕೆ ಮಾತ್ರ ಬಹಳ ದಿನ ಉತ್ತರ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ, ರೈಲು ಸೇಡಂ ಬಿಟ್ಟ ನಂತರ ಮಾಸ್ತರರು ಕಾಗದಗಳನ್ನು ತಿರುವಿಹಾಕುತ್ತಿದ್ದಾಗ ಒಂದರ ಮೇಲೆ ಕೈ ನಿಂತಿತು. ಹೆಸರಿರಲಿಲ್ಲ. ಅಕ್ಷರ ದುಂಡಗಿದ್ದವು.

ಭಾನುವಾರ
ಕೊನೆಯ ರೊಟ್ಟಿ ಬಡಿದೆ.
ಹಂಚು ಆರುವ ತನಕ ಕೂತೆ.

ಇಪ್ಪತ್ತು ವರ್ಷ ಆ ಕೈಬರಹದಲ್ಲಿ ಕಿರಾಣಿ ಚೀಟಿಗಳನ್ನು ಓದಿದ್ದ ಅವರಿಗೆ ಇದು ಯಾರದೆಂದು ಗುರುತಿಸಲು ಕ್ಷಣವೂ ಬೇಕಾಗಲಿಲ್ಲ. ತಾವು ಹೊರಟ ಮೇಲೆ ಆ ಮನೆಯಲ್ಲಿ ಏನಾಗುತ್ತದೆ ಎಂದು ಅವರು ಯೋಚಿಸಿದ್ದೇ ಇಲ್ಲ. ತಾವು ರೈಲು ಹತ್ತುತ್ತಿದ್ದರು, ಅಷ್ಟೇ. ಎದುರು ಕೂತಿದ್ದ ಹೆಂಗಸು, "ಏನ್ರೀ ಅಣ್ಣಾರ, ಆರಾಮಿಲ್ಲೇನು?" ಎಂದು ಕೇಳಿದಳು. "ಏನಿಲ್ಲವ್ವ," ಎಂದು ಅವರು ಕಿಟಕಿಯ ಕಡೆ ತಿರುಗಿದರು.

ತರಗತಿಯಲ್ಲಿ ಅದನ್ನು ಓದಬಾರದು ಎಂದುಕೊಂಡಿದ್ದರು. ಆದರೆ ಪದ್ಯ ಭವಾನಿಗೆ ಬಂದ ಉತ್ತರ, ತಡೆದಿಡುವ ಹಕ್ಕು ತಮಗಿಲ್ಲ ಎನಿಸಿತು. ಊಟದ ಬಿಡುವಿನಲ್ಲಿ ಅವಳನ್ನು ಕರೆದು ಕೊಟ್ಟರು. ಭವಾನಿ ಓದಿ ಕಾಗದ ವಾಪಸು ಚಾಚಿದಳು.

"ಇದು ಹುಡಗೂರು ಬರದದ್ದಲ್ರಿ ಸರ್."

"ಹೆಂಗ ಗೊತ್ತಾತು?"

"ಹಂಚು ಆರೂತನಕ ಕುಂಡ್ರಾಕ ಹುಡಗೂರಿಗೆ ಪುರುಸೊತ್ತು ಎಲ್ಲೈತ್ರಿ." ಅವಳು ಮುಂದುವರಿಸಿದಳು, "ಇದಕ್ಕ ಉತ್ತರ ನಾ ಬರ್ಯಾಂಗಿಲ್ಲ. ನೀವ ಬರೀಬೇಕು."

ಮಾಸ್ತರರು ಅದುವರೆಗೆ ಮಕ್ಕಳಿಂದ ಬರೆಸಿದ್ದರು, ತಾವು ಬರೆದಿರಲಿಲ್ಲ. ನಾಲ್ಕು ದಿನ ಕಾಗದ ಹರಿದೂ ಹರಿದೂ ಶುಕ್ರವಾರ ಮೂರು ಸಾಲು ನಿಂತವು:

ತಾಂಡೂರು ಬಂತು.
ತೊಡೆಯ ಮೇಲೆ ಡಬ್ಬಿ
ಇನ್ನೂ ಬೆಚ್ಚಗೆ.

ಅದನ್ನು ಮಕ್ಕಳ ಕಾಗದಗಳ ನಡುವೆ ಸೇರಿಸಿ ಒಯ್ದರು. ಶನಿವಾರ ರಾತ್ರಿ, ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಗ್ಯಾಸಿನ ಬಗ್ಗೆ, ಸೋರುವ ಛತ್ತಿನ ಬಗ್ಗೆ, ಯಾರದೋ ಮಗಳ ಮದುವೆಯ ಬಗ್ಗೆ ಮಾತಾಡಿದರು. ಪದ್ಯದ ಮಾತು ಇಬ್ಬರೂ ಆಡಲಿಲ್ಲ. ಆದರೆ ಮುಂದಿನ ಭಾನುವಾರದ ಕಾಗದಗಳಲ್ಲಿ ಹೆಸರಿಲ್ಲದ ಇನ್ನೊಂದು ಇತ್ತು. ಹೀಗೆ ಆ ವರ್ಷವೆಲ್ಲ ಅವರು ಮಕ್ಕಳ ಮರೆಯಲ್ಲಿ ಬರೆದುಕೊಂಡರು. ಎದುರೆದುರು ಕೂತಾಗ ಬಾರದ ಮಾತು ರೈಲಿನಲ್ಲಿ ಬರುತ್ತಿತ್ತು. ಮಾಸ್ತರರಿಗೆ ವಾರದ ನಡುವೆ ಹೆಂಡತಿಯ ನೆನಪು ಹಿಂದೆಂದಿಗಿಂತ ಹೆಚ್ಚು ಕಾಡತೊಡಗಿತು. ಮಲ್ಕಾಜ್‌ಗಿರಿಯ ಬಾಡಿಗೆ ಖೋಲಿಯಲ್ಲಿ ಸಂಜೆ ದೀಪ ಹಚ್ಚುವಾಗ, ಅಲ್ಲಿಯೂ ಈಗ ದೀಪ ಹಚ್ಚಿರಬಹುದು ಎಂದು ತೋರುತ್ತಿತ್ತು. ಮದುವೆಯಾದ ಹೊಸತರಲ್ಲೂ ಅವರಿಗೆ ಹೀಗೆ ಆಗಿರಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ ಮುಗಿದ ಮೇಲೆ ಭವಾನಿಯ ತಾಯಿ ಸುಂದರಾಬಾಯಿ ಶಾಲೆಗೆ ಬಂದಳು. ಟಿ.ಸಿ. ಬೇಕಾಗಿತ್ತು.

"ನಮ್ಮ ಮನಿಯವರಿಗೆ ಕೊಂಡಾಪುರದಾಗ ಅಪಾರ್ಟ್‌ಮೆಂಟಿನ ವಾಚಮನ್ ಕೆಲಸ ಸಿಕ್ಕೈತ್ರಿ ಸರ್. ಇರಾಕ ಖೋಲಿನೂ ಕೊಟ್ಟಾರ. ಅಲ್ಲೇ ಇಂಗ್ಲಿಷ್ ಸಾಲಿಗೆ ಹಾಕ್ತೀವಿ."

"ಹುಡುಗಿ ಕನ್ನಡ ಭಾಳ ಛಲೋ ಬರೀತಾಳ, ಸುಂದರಾಬಾಯಿ."

"ಬರೀತಾಳಂತ ಗೊತ್ರಿ. ಮನ್ಯಾಗೂ ಗ್ವಾಡಿ ಮ್ಯಾಲ ಬರೀತಾಳ. ಆದ್ರ ಈ ಊರಾಗ ಅದನ್ನ ತಗೊಂಡು ಎಲ್ಲಿ ಹೋಗಬೇಕ್ರಿ?" ಸುಂದರಾಬಾಯಿಯ ದನಿಯಲ್ಲಿ ಜಗಳವಿರಲಿಲ್ಲ. "ಆ ಕಡೆ ಹುಡುಗ್ಯಾರು ಕೊಳ್ಳಾಗ ಕಾರ್ಡ್ ಹಾಕ್ಕೊಂಡು ಕಂಪನಿಗೆ ಹೋಗ್ತಾವ. ಅವರ ಮನಿ ಕಟ್ಟೂಮುಂದ ನಾ ಕಲ್ಲು ಹೊತ್ತೀನಿ. ನನ್ನ ಮಗಳು ಆ ಕಾರ್ಡ್ ಹಾಕ್ಕೋಬೇಕಂತ ಆಸೆರಿ."

ಮಾಸ್ತರರು ಟಿ.ಸಿ. ಅರ್ಜಿಯ ಹಾಳೆ ತೆಗೆದು ಬರೆಯತೊಡಗಿದರು. ಬಾಗಿಲಲ್ಲಿ ನಿಂತಿದ್ದ ಭವಾನಿ, "ಈ ವಾರದ ಪದ್ಯ ಸೇಡಂಗೆ ಹೋಗ್ಯಾವೇನ್ರಿ?" ಎಂದು ಕೇಳಿದಳು. "ಹೋಗ್ತಾವ," ಎಂದರು. ಅವಳು ತಾಯಿಯ ಹಿಂದೆ ಗೇಟು ದಾಟಿ ಹೋದಳು.

ಮುಂದಿನ ವರ್ಷ ಎಂಟನೆಯ ತರಗತಿಗೆ ಮಕ್ಕಳೇ ಸೇರಲಿಲ್ಲ. ಒಂಬತ್ತಕ್ಕೆ ಬರಬೇಕಿದ್ದ ಅಕ್ಷಯನೂ ಬೇರೆ ಶಾಲೆಗೆ ಹೊರಟುಹೋದ. ಅದರ ಮರುವರ್ಷ ಆಡಳಿತ ಮಂಡಳಿ ಕನ್ನಡ ವಿಭಾಗವನ್ನು ಮುಚ್ಚಿತು. ತೆಲುಗು ವಿಭಾಗದಲ್ಲಿ ಹಿಂದಿ ಕಲಿಸಿಕೊಂಡು ಇರಬಹುದು, ಇಲ್ಲವೇ ಸ್ವಯಂ ನಿವೃತ್ತಿ ತೆಗೆದುಕೊಳ್ಳಬಹುದು ಎಂದು ಮಾಸ್ತರರಿಗೆ ಹೇಳಿದರು.

ಆ ಶನಿವಾರ ಅವರ ಚೀಲದಲ್ಲಿ ಪದ್ಯಗಳಿರಲಿಲ್ಲ. ಶಾರದಾಬಾಯಿ ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದರು.

"ನಮ್ಮ ಸೆಕ್ಷನ್ ಮುಚ್ಚಿದ್ರು."

"ನೀವೇನಂದ್ರಿ?"

"ಇನ್ನೂ ಏನೂ ಅಂದಿಲ್ಲ." ಅವರು ಗೋಡೆಗೆ ಒರಗಿ ಕೂತರು. "ಇಲ್ಲಿಗೆ ಬಂದುಬಿಡ್ರಿ ಅಂತ ನೀ ಒಮ್ಮೆನೂ ಅಂದಿಲ್ಲ, ಶಾರದಾ."

"ಬರ್ತೀನಂತ ನೀವೂ ಅಂದಿಲ್ಲ."

ಬೇಳೆಯಲ್ಲಿ ಶಾರದಾಬಾಯಿಯ ಬೆರಳು ಓಡಾಡುತ್ತಿದ್ದವು. ಮಾಸ್ತರರು ಕೇಳಿದರು, "ಬರ್ಲೇನು?"

"ಬರ್ರಿ. ಆದ್ರ ನನ್ನ ಮಾರಿ ನೋಡಿ ಬರಬ್ಯಾಡ್ರಿ. ನಿಮಗ ಬರಬೇಕನಸಿದ್ರ ಬರ್ರಿ."

ಅವರು ಬಂದರು. ಟ್ರಂಕು, ಹಾಸಿಗೆ, ಒಂದು ಕುರ್ಚಿ, ಪುಸ್ತಕಗಳ ಗಂಟು. ಮೊದಲ ಸೋಮವಾರ ಶಾರದಾಬಾಯಿ ಶಾಲೆಗೆ ಹೊರಟು ಚಪ್ಪಲಿ ಮೆಟ್ಟುವಾಗ ಮಾಸ್ತರರು ಬಾಗಿಲವರೆಗೆ ಹೋದರು. "ಅನ್ನ ಮುಚ್ಚಿಟ್ಟೀನಿ," ಎಂದು ಹೇಳಿ ಶಾರದಾಬಾಯಿ ಹೋದರು.

ಹೆಂಡತಿಗೆ ಬೆಳಗಿನಿಂದ ರೇಡಿಯೊ ಹಚ್ಚಿಡುವ ರೂಢಿಯಿದೆ, ರಾತ್ರಿಯ ಊಟ ಅಡುಗೆಮನೆಯ ಹೊಸ್ತಿಲ ಬಳಿ ಕೂತೇ ಆಗಬೇಕು, ಬೇಸರವಾದಾಗ ಪಾತ್ರೆಗಳನ್ನೆಲ್ಲ ತೆಗೆದು ಮತ್ತೆ ತೊಳೆಯುತ್ತಾರೆ. ರಜೆಯ ದಿನಗಳಲ್ಲಿ ಗಮನಕ್ಕೆ ಬಾರದಿದ್ದ ಇವೆಲ್ಲ ಅವರಿಗೆ ಈಗ ತಿಳಿದವು. ಶಾರದಾಬಾಯಿಯೂ ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂಬುದನ್ನು ಮರೆತು ಒಳಗಿನ ಚಿಲಕ ಹಾಕಿಕೊಳ್ಳುತ್ತಿದ್ದರು. ಜಗಳವೇನೂ ಇರಲಿಲ್ಲ. ಒಬ್ಬರ ಕಾಲಿಗೆ ಇನ್ನೊಬ್ಬರು ಅಡ್ಡ ಬಂದಾಗ ಇಬ್ಬರೂ ಒಟ್ಟಿಗೆ ಸರಿದು ದಾರಿ ಬಿಡುತ್ತಿದ್ದರು.

ಹಗಲು ದೊಡ್ಡದಾಗಿತ್ತು. ಮಾಸ್ತರರಿಗೆ ಹೈದರಾಬಾದು ನೆನಪಾಗುತ್ತಿತ್ತು: ಇರಾನಿ ಹೋಟೆಲಿನ ಚಹಾ, ಪಕ್ಕದ ಖೋಲಿಯ ತೆಲುಗು ಜಗಳ, ಘಂಟೆ ಹೊಡೆದ ಕೂಡಲೇ ಮೆಟ್ಟಿಲ ಮೇಲೆ ಏಳುವ ಗದ್ದಲ. ಇಷ್ಟು ವರ್ಷ ಸೇಡಂಗಾಗಿ ಹಂಬಲಿಸಿದವರು ಸೇಡಂನಲ್ಲಿ ಕೂತು ಬಿಟ್ಟುಬಂದ ಊರಿಗಾಗಿ ಹಂಬಲಿಸಿದರು. ಒಂದು ಶನಿವಾರ ಸಂಜೆ ತಮಗೇ ತಿಳಿಯದಂತೆ ಸ್ಟೇಶನ್ನಿಗೆ ನಡೆದು, ತಾವು ಬರುತ್ತಿದ್ದ ಹೈದರಾಬಾದಿನ ಗಾಡಿ ಬಂದು ಹೋಗುವುದನ್ನು ನೋಡಿ ತಿರುಗಿ ಬಂದರು.

"ಯಾರನ್ನ ಕರಕೊಂಡು ಬರ್ಲಿಕ್ಕೆ ಹೋಗಿದ್ರಿ?" ಎಂದು ಶಾರದಾಬಾಯಿ ಕೇಳಿದರು.

"ಸುಮ್ನ ಹೋಗಿದ್ದೆ."

ಇಬ್ಬರೂ ಪದ್ಯ ಬರೆಯುವುದನ್ನು ನಿಲ್ಲಿಸಿದ್ದರು. ಸೇಡಂನ ಮಕ್ಕಳು ಬೆಂಚಿನಿಂದ ಬೆಂಚಿಗೆ ಉತ್ತರ ಬರೆಯುತ್ತಿದ್ದರಂತೆ. ಗಂಡ ಹೆಂಡತಿಯ ನಡುವೆ ಈಗ ಕಾಗದ ಒಯ್ಯುವ ರೈಲು ಇರಲಿಲ್ಲ.

ಪಿಂಚಣಿಯ ಕಾಗದಗಳಿಗೆ ಸಹಿ ಬೇಕೆಂದು ಕಚೇರಿಯವರು ಕರೆಸಿದಾಗ ಮಾಸ್ತರರು ಬೆಳಗಿನ ಗಾಡಿಗೆ ಹೈದರಾಬಾದಿಗೆ ಹೋಗಿ ಒಬ್ಬ ಪರಿಚಯದವರ ಮನೆಯಲ್ಲಿ ಉಳಿದರು. ಕೆಲಸ ಮಾರನೆಯ ದಿನ ಬೆಳಿಗ್ಗೆ ಹತ್ತೂವರೆಗೇ ಮುಗಿಯಿತು. ಸೀದಾ ವಾಪಸು ಹೋಗಲು ಮನಸ್ಸಾಗಲಿಲ್ಲ. ಲೋಕಲ್ ರೈಲು ಹಿಡಿದು ಹೈಟೆಕ್ ಸಿಟಿಯಲ್ಲಿ ಇಳಿದು, ಆಟೊದಲ್ಲಿ ಕೊಂಡಾಪುರಕ್ಕೆ ಹೋದರು. ಭವಾನಿಯ ತಂದೆ ಅಮರೇಶಪ್ಪ ಎಂಬ ಹೆಸರು ಹೇಳಿ ನಾಲ್ಕಾರು ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ವಿಚಾರಿಸಿದ ಮೇಲೆ ಮನೆ ಸಿಕ್ಕಿತು. ಕಾರು ನಿಲ್ಲಿಸುವ ಸೆಲ್ಲಾರಿನ ಮೂಲೆಯಲ್ಲಿ ಒಂದು ಖೋಲಿ.

ಭವಾನಿ ಅರ್ಧ ದಿನದ ಶಾಲೆ ಮುಗಿಸಿ ಆಗತಾನೆ ಬಂದಿದ್ದಳು. ಕೊರಳಲ್ಲಿ ಟೈ. ಮೇಲಿನ ಮನೆಯ ಮಗುವಿಗೆ ತೆಲುಗಿನಲ್ಲಿ ಏನೋ ಹೇಳಿ ಕಳಿಸುತ್ತಿದ್ದವಳು ಮಾಸ್ತರರನ್ನು ಕಂಡು ಹತ್ತಿರ ಬಂದಳು. ಎತ್ತರವಾಗಿದ್ದಳು.

"ಅವ್ವ ಮ್ಯಾಲ ಕೆಲಸಕ್ಕ ಹೋಗ್ಯಾಳ್ರಿ. ಕುಂಡ್ರಿ ಸರ್." ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು ನೀರು ಕೊಟ್ಟಳು.

"ಬರೀತಿಯೇನವಾ ಈಗ?"

"ಟೈಮ್ ಸಿಗಂಗಿಲ್ರಿ. ಇಂಗ್ಲಿಷ್ ಭಾಳ ಐತಿ. ಕನ್ನಡದ 'ಕ' ಬರ್ಯಾಕ ಹೋದ್ರ ತೆಲುಗಿನ ತಲೆಕಟ್ಟು ಬಂದುಬಿಡ್ತೈತಿ." ಹೇಳುವಾಗ ಅವಳು ನಕ್ಕಳು. ಆಮೇಲೆ, "ಸೇಡಂ ಅಮ್ಮಾರು ಬರೀತಾರೇನ್ರಿ ಈಗ್ಲೂ?" ಎಂದಳು.

"ಇಲ್ಲ. ಈಗ ನಾವಿಬ್ರೂ ಒಂದೇ ಮನ್ಯಾಗ ಇದ್ದೀವಲ್ಲ."

"ಒಂದ ಮನ್ಯಾಗ ಇದ್ರ ಬರ್ಯಾಂಗಿಲ್ಲೇನ್ರಿ?"

ಮಾಸ್ತರರು ನೀರು ಕುಡಿದು ಲೋಟ ಕೆಳಗಿಟ್ಟರು. ಹಳೆಯ ರೂಢಿಯಿಂದ ಎಂಬಂತೆ ಕೇಳಿದರು, "ಇವತ್ತೇನು ನೋಡಿದಿ?"

ಭವಾನಿ ತಲೆ ತಗ್ಗಿಸಿ ಯೋಚಿಸಿದಳು. ಸೆಲ್ಲಾರಿನ ಆಚೆ ತುದಿಯ ಕಡೆ ನೋಡಿದಳು. ನಂತರ ಒಂದೊಂದು ಬೆರಳು ಮಡಚುತ್ತ ನಿಧಾನವಾಗಿ ಹೇಳಿದಳು:

"ಲಿಫ್ಟ್ ಮ್ಯಾಲ ಹೋತು.
ಖಾಲಿ ಹೋತು.
ಯಾರೋ ಕರದಿರಬೇಕು."

ಮಾಸ್ತರರು ಅವಳ ತಲೆಯ ಮೇಲೆ ಕೈಯಿಟ್ಟರು. ಅವಳಿಗೆ ಟ್ಯೂಷನ್ನಿನ ಹೊತ್ತಾಗಿತ್ತು. ಗೇಟಿನವರೆಗೆ ಜೊತೆಗೆ ಬಂದು, ಚೀಲ ಹೆಗಲಿಗೇರಿಸಿಕೊಂಡು ಇನ್ನೊಂದು ದಿಕ್ಕಿಗೆ ಹೋದಳು.

ಮಾಸ್ತರರು ಲಿಂಗಂಪಲ್ಲಿಯಲ್ಲಿ ಸೇಡಂ ಕಡೆಯ ಗಾಡಿ ಹತ್ತಿದರು. ದಾರಿಯುದ್ದಕ್ಕೂ ಆ ಮೂರು ಸಾಲುಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಬಂದರು. ವಿಕಾರಾಬಾದಿನಲ್ಲಿ ಎದುರಿನ ಪ್ಲಾಟ್‌ಫಾರಮ್ಮಿನ ತುಂಬ ಗಂಟುಮೂಟೆ ಹೊತ್ತ ಸಂಸಾರಗಳು ಹೈದರಾಬಾದಿನ ಗಾಡಿಗೆ ಕಾಯುತ್ತಿದ್ದವು.

ಸೇಡಂ ತಲುಪಿದಾಗ ಇನ್ನೂ ಬೆಳಕಿತ್ತು. ಮನೆಗೆ ಬೀಗ ಹಾಕಿತ್ತು. ಶಾರದಾಬಾಯಿಗೆ ಶಾಲೆಯಲ್ಲಿ ಸಭೆಯಿತ್ತು, ಗಂಡ ನಾಳೆ ಬರುತ್ತಾರೆ ಎಂದುಕೊಂಡಿದ್ದರು. ಮಾಸ್ತರರು ಕಟ್ಟೆಯ ಮೇಲೆ ಕೂತರು. ಈ ಮನೆಯ ಮುಂದೆ ಕೂತು ಅವರು ಯಾರಿಗಾಗಿಯೂ ಕಾದಿರಲಿಲ್ಲ. ಓಣಿಯ ತಿರುವಿನಲ್ಲಿ ಯಾರಾದರೂ ಕಂಡಾಗಲೆಲ್ಲ ಕಣ್ಣು ಅತ್ತ ಹೋಗುತ್ತಿತ್ತು. ಒಬ್ಬ ಮುದುಕ ಆಡು ಹೊಡೆದುಕೊಂಡು ಹೋದ. ಮನೆಮನೆಗಳಲ್ಲಿ ದೀಪ ಹತ್ತಿದವು. ಮತ್ತೊಂದು ನೆರಳು ತಿರುವಿನಲ್ಲಿ ಕಂಡಾಗ ಅವರು ಎದ್ದು ನಿಂತರು. ಅದು ಬೇರೆ ಯಾರೋ. ಮತ್ತೆ ಕೂತರು. ಹೀಗೆ ಕಾಯುವುದು ಅವರಿಗೆ ಬೇಡವೆನಿಸಲಿಲ್ಲ.

ಕೊನೆಗೆ ಶಾರದಾಬಾಯಿ ಬಂದರು.

"ಯಾವಾಗ ಬಂದ್ರಿ?"

"ಒಂದು ತಾಸಾತು."

"ಬಾಜೂ ಮನ್ಯಾಗ ಒಂದು ಕೀಲಿ ಇರ್ತದಲ್ರೀ. ಕೇಳಬಾರದೇನು?"

"ಗೊತ್ತಿತ್ತು. ನೀ ಬರ್ತಿ ಅಂತ ಕೂತೆ."

ಶಾರದಾಬಾಯಿ ಗಂಡನ ಮುಖವನ್ನು ಒಮ್ಮೆ ನೋಡಿದರು. ತೆಗೆದಿದ್ದ ಕೀಲಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಕಟ್ಟೆಯ ಮೇಲೆ ಅವರ ಪಕ್ಕ ಕೂತರು. ಬಾಗಿಲು ತೆಗೆಯುವ ಅವಸರ ಇಬ್ಬರಿಗೂ ಇರಲಿಲ್ಲ.